ಎಂಟು ದಂಡದ ತ್ರಿಭುಜ: ಅಳತೆಯಿಂದ ಹುಟ್ಟಿದ ಸಂಖ್ಯೆಗಳ ಚರಿತ್ರೆ

ಪ್ರೌಢಶಾಲೆಯ ಗಣಿತ ಪುಸ್ತಕದಲ್ಲಿ ಸಂಖ್ಯೆಗಳ ಅಧ್ಯಾಯ ಒಂದು ಕಡೆ ಇರುತ್ತದೆ, ರೇಖಾಗಣಿತ ಇನ್ನೊಂದು ಕಡೆ. ಮೊದಲನೆಯದರಲ್ಲಿ ಮಕ್ಕಳು ಸ್ವಾಭಾವಿಕ ಸಂಖ್ಯೆ, ಪೂರ್ಣ ಸಂಖ್ಯೆ, ಪೂರ್ಣಾಂಕ, ಭಾಗಲಬ್ಧ, ಅಭಾಗಲಬ್ಧ, ವಾಸ್ತವ ಎಂಬ ಹೆಸರುಗಳನ್ನು ಕಲಿತು, √7 ಯಾವ ಗುಂಪಿಗೆ ಸೇರುತ್ತದೆ ಎಂಬ ಒಂದು ಅಂಕದ ಪ್ರಶ್ನೆಗೆ ಉತ್ತರ ಬರೆಯುತ್ತಾರೆ. ಎರಡನೆಯದರಲ್ಲಿ ತ್ರಿಭುಜದ ಎತ್ತರ, ಚತುರ್ಭುಜದ ಕರ್ಣ, ವೃತ್ತದ ಪರಿಧಿ ಕಂಡುಹಿಡಿಯುತ್ತಾರೆ. ಒಂದರಲ್ಲಿ ಹೆಸರಿಡುವ ಕೆಲಸ, ಮತ್ತೊಂದರಲ್ಲಿ ಅಳೆಯುವ ಕೆಲಸ. ಇವೆರಡಕ್ಕೂ ಸಂಬಂಧವೇ ಇಲ್ಲವೇನೋ ಎಂಬಂತೆ ಪಾಠ ನಡೆಯುತ್ತದೆ. ಗಣಿತದ ಚರಿತ್ರೆ ಹೇಳುವುದು ಬೇರೆ ಮಾತು. ಸಂಖ್ಯೆಗಳನ್ನು ಹೀಗೆ ವಿಂಗಡಿಸಬೇಕೆಂಬ ಅಗತ್ಯ ಹುಟ್ಟಿದ್ದೇ ಆಕೃತಿಗಳನ್ನು ಅಳೆಯಲು ಹೋದಾಗ. ಒಂದು ಸಂಖ್ಯೆ ಯಾವ ಬಗೆಯದು ಎಂದು ಕೇಳುವುದೂ ಈ ಅಳತೆ ಎಷ್ಟು ನಿಖರ ಎಂದು ಕೇಳುವುದೂ ಮೂಲದಲ್ಲಿ ಒಂದೇ ಪ್ರಶ್ನೆ. ಇದಕ್ಕೆ ಸಾಕ್ಷಿ ಗ್ರೀಸಿನಲ್ಲಿದೆ, ವೈದಿಕ ಯಜ್ಞವೇದಿಯ ಅಳತೆಗಳಲ್ಲಿದೆ. ಆದರೆ ಅತ್ಯಂತ ಸ್ಪಷ್ಟವಾದ ಸಾಕ್ಷಿಗಳಲ್ಲೊಂದು ಕನ್ನಡ ನಾಡಿನಲ್ಲಿ, ಸುಮಾರು 850ರಲ್ಲಿ ರಚನೆಯಾದ ಒಂದು ಗಣಿತ ಗ್ರಂಥದಲ್ಲಿದೆ.

ಆ ಗ್ರಂಥ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’. ಮಹಾವೀರ ಜೈನ ಪಂಡಿತ. ಗ್ರಂಥದ ಆರಂಭದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳಿದ್ದಾನೆ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ಅದೇ ದೊರೆಯ ಆಸ್ಥಾನದಲ್ಲಿ, ನಮಗೆ ಉಳಿದುಬಂದಿರುವ ಮೊದಲ ಕನ್ನಡ ಗ್ರಂಥ ‘ಕವಿರಾಜಮಾರ್ಗ’ವೂ ಹುಟ್ಟಿತು. ಕಾವ್ಯದ ಗುಣದೋಷಗಳನ್ನು ವಿಂಗಡಿಸಿದ ಕಾಲವೇ ಅಳತೆಗಳನ್ನೂ ವಿಂಗಡಿಸಿತು. ಮಹಾವೀರನಿಗಿಂತ ಮುಂಚಿನ ಆರ್ಯಭಟ, ಬ್ರಹ್ಮಗುಪ್ತರ ಗಣಿತ ಖಗೋಳ ಗ್ರಂಥಗಳ ಒಳಗಿನ ಅಧ್ಯಾಯಗಳಾಗಿ ಬಂದರೆ, ‘ಗಣಿತಸಾರಸಂಗ್ರಹ’ ಪೂರ್ತಿಯಾಗಿ ಗಣಿತಕ್ಕೇ ಮೀಸಲಾದದ್ದು. ಪರಿಭಾಷೆಯಿಂದ ಶುರುವಾಗಿ ಗುಣಾಕಾರ ಭಾಗಾಕಾರ, ಭಿನ್ನರಾಶಿ, ತ್ರೈರಾಶಿಕ, ಮಿಶ್ರಕ, ಕ್ಷೇತ್ರಗಣಿತ, ಅಗೆತದ ಲೆಕ್ಕ, ನೆರಳಿನ ಲೆಕ್ಕದವರೆಗೆ ಸಾಗುತ್ತದೆ. ದಕ್ಷಿಣದಲ್ಲಿ ಅದು ಶತಮಾನಗಳ ಕಾಲ ಪಾಠಪುಸ್ತಕವಾಗಿತ್ತು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ಹೊರ ಜಗತ್ತಿಗೂ ಅದರ ಪರಿಚಯವಾಯಿತು.

ಕ್ಷೇತ್ರಗಣಿತದ ಅಧ್ಯಾಯವನ್ನು ಮಹಾವೀರ ಕಟ್ಟಿರುವ ರೀತಿಯೇ ನನ್ನ ವಾದಕ್ಕೆ ಮೊದಲ ಆಧಾರ. ಕ್ಷೇತ್ರದ ಲೆಕ್ಕ ಎರಡು ಬಗೆ ಎಂದು ಆತ ಆರಂಭದಲ್ಲೇ ಹೇಳುತ್ತಾನೆ: ಒಂದು ವ್ಯಾವಹಾರಿಕ, ಇನ್ನೊಂದು ಸೂಕ್ಷ್ಮ. ಮೊದಲು ಆಕೃತಿಗಳನ್ನೆಲ್ಲ ವ್ಯಾವಹಾರಿಕ ಕ್ರಮದಲ್ಲಿ ಲೆಕ್ಕ ಹಾಕಿಸಿ, ಆಮೇಲೆ ಸೂಕ್ಷ್ಮ ಕ್ರಮಕ್ಕೆ ಕರೆದೊಯ್ಯುತ್ತಾನೆ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಮೂರು ಬಾಹುಗಳೂ ಎಂಟೆಂಟು ದಂಡ (ದಂಡ ಒಂದು ಉದ್ದಳತೆ) ಇರುವ ತ್ರಿಭುಜದ ಕ್ಷೇತ್ರಫಲ ಎಷ್ಟು? ವ್ಯಾವಹಾರಿಕ ಸೂತ್ರದಂತೆ ಎದುರುಬದುರು ಬಾಹುಗಳನ್ನು ಕೂಡಿಸಿ ಅರ್ಧ ಮಾಡಿ, ಆ ಎರಡು ಅರ್ಧಗಳನ್ನು ಗುಣಿಸಬೇಕು. ತ್ರಿಭುಜಕ್ಕೆ ಮೇಲಿನ ಬಾಹು ಇಲ್ಲವಾದ್ದರಿಂದ ಅಲ್ಲಿ ಸೊನ್ನೆ. ಎಂಟು ಮತ್ತು ಸೊನ್ನೆಯ ಮೊತ್ತದ ಅರ್ಧ 4, ಎಂಟು ಮತ್ತು ಎಂಟರ ಮೊತ್ತದ ಅರ್ಧ 8, ಗುಣಿಸಿದರೆ 32. ಅದೇ ತ್ರಿಭುಜ ಸೂಕ್ಷ್ಮ ಗಣಿತದ ಭಾಗದಲ್ಲಿ ಮತ್ತೆ ಬರುತ್ತದೆ. ಬಾಹುಗಳ ಮೊತ್ತದ ಅರ್ಧ 12. ಅದರಿಂದ ಒಂದೊಂದೇ ಬಾಹುವನ್ನು ಕಳೆದರೆ 4, 4, 4. 12ನ್ನೂ ಈ ಮೂರನ್ನೂ ಗುಣಿಸಿದರೆ 768. ಅದರ ವರ್ಗಮೂಲವೇ ಕ್ಷೇತ್ರಫಲ. 27ರ ವರ್ಗ 729, 28ರ ವರ್ಗ 784. ಅಂದರೆ ಉತ್ತರ 27 ಮತ್ತು 28ರ ನಡುವೆ, ಸುಮಾರು 27.7 ಚದರ ದಂಡ. ಎತ್ತರವೂ ಹಾಗೆಯೇ, 48ರ ವರ್ಗಮೂಲ. ಯಾವ ಭಿನ್ನರಾಶಿಗೂ ಸರಿಯಾಗಿ ಸಿಕ್ಕದ್ದು.

ಇಲ್ಲಿ ಗಮನಿಸಬೇಕಾದದ್ದು ಎರಡು ಉತ್ತರಗಳ ನಡುವಿನ ಅಂತರವನ್ನು ಮಾತ್ರವಲ್ಲ, ಅವು ಎಂಥ ಸಂಖ್ಯೆಗಳು ಎಂಬುದನ್ನು. ವ್ಯಾವಹಾರಿಕ ಉತ್ತರ ಬೆರಳೆಣಿಕೆಗೆ ಸಿಗುವ ಪೂರ್ಣ ಸಂಖ್ಯೆ. ಸೂಕ್ಷ್ಮ ಉತ್ತರ ವರ್ಗಮೂಲ. ವೃತ್ತದಲ್ಲೂ ಇದೇ ಕಥೆ. ವ್ಯಾಸ 18 ಇರುವ ವೃತ್ತದ ಪರಿಧಿಯನ್ನು ಮಹಾವೀರ ಕೇಳುತ್ತಾನೆ. ವ್ಯಾವಹಾರಿಕವಾಗಿ ವ್ಯಾಸದ ಮೂರು ಪಟ್ಟು, 54, ಕ್ಷೇತ್ರಫಲ 243. ಸೂಕ್ಷ್ಮವಾಗಿ ವ್ಯಾಸವನ್ನು ಹತ್ತರ ವರ್ಗಮೂಲದಿಂದ ಗುಣಿಸಬೇಕು. ಪರಿಧಿ 3240ರ ವರ್ಗಮೂಲ, ಕ್ಷೇತ್ರಫಲ 65,610ರ ವರ್ಗಮೂಲ. ಪ್ರತಿ ಆಕೃತಿಗೂ ಎರಡು ಉತ್ತರ ಇವೆಯೆಂದೂ ಒಂದು ಕೆಲಸಕ್ಕೆ ಸಾಕಾಗುವಂಥದ್ದು, ಇನ್ನೊಂದು ಸತ್ಯಕ್ಕೆ ಹತ್ತಿರವಾದದ್ದೆಂದೂ ವಿದ್ಯಾರ್ಥಿಗೆ ಮೊದಲ ದಿನವೇ ತಿಳಿಯುತ್ತಿತ್ತು. ಸಂಖ್ಯೆಗಳಲ್ಲಿ ಭೇದವಿದೆ ಎಂಬುದು ಇಲ್ಲಿ ಬಾಯಿಪಾಠದ ವಿಷಯವಲ್ಲ. ಎಂಟು ದಂಡದ ತ್ರಿಭುಜವೇ ಅದನ್ನು ಕಣ್ಣೆದುರು ತಂದು ನಿಲ್ಲಿಸುತ್ತದೆ: ಬಾಹು ಪೂರ್ಣ ಸಂಖ್ಯೆ, ಎತ್ತರ ಅಲ್ಲ.

ಸಂಖ್ಯೆಗಳ ವಿಂಗಡಣೆ ಜೈನರಲ್ಲಿ ಬಂದದ್ದು ಅಳತೆಯಿಂದಲ್ಲ, ಲೋಕಸ್ವರೂಪದ ಚಿಂತನೆಯಿಂದ ಎಂದು ಯಾರಾದರೂ ಆಕ್ಷೇಪಿಸಬಹುದು. ಜೈನ ಆಗಮಗಳು ಸಂಖ್ಯೆಗಳನ್ನು ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ವಿಂಗಡಿಸಿದ್ದು ನಿಜ; ಅದು ಎಷ್ಟು ದೊಡ್ಡದು ಎಂಬುದರ ಮೇಲೆ ಮಾಡಿದ ವಿಂಗಡಣೆ. ಶಾಲೆಯಲ್ಲಿ ನಾವು ಕಲಿಯುವುದು ಎಷ್ಟು ದೊಡ್ಡದು ಎಂಬುದನ್ನಲ್ಲ, ಎಂಥದು ಎಂಬುದನ್ನು. ಆ ಎರಡನೆಯ ಪ್ರಶ್ನೆಗೆ ಜೈನ ಲೋಕಚಿಂತನೆಯೂ ಕ್ಷೇತ್ರಗಣಿತದ ದಾರಿಯಲ್ಲೇ ಬಂದಿತು. ಜಂಬೂದ್ವೀಪ ಒಂದು ಲಕ್ಷ ಯೋಜನ ವ್ಯಾಸದ ವೃತ್ತ ಎಂಬುದು ಆ ಪರಂಪರೆಯ ನಂಬಿಕೆ. ಅದರ ಪರಿಧಿ ಎಷ್ಟು ಎಂಬುದಕ್ಕೆ ಗ್ರಂಥಗಳು ಕೊಡುವ ಉತ್ತರ 3,16,227 ಯೋಜನ, 3 ಕ್ರೋಶ, 128 ಧನುಸ್ಸು, 13½ ಅಂಗುಲಕ್ಕೆ ತುಸು ಹೆಚ್ಚು. ಹತ್ತರ ವರ್ಗಮೂಲವನ್ನು ಬಿಡದೆ ಬೆನ್ನಟ್ಟಿದರೆ ಬರುವ ಸಂಖ್ಯೆ ಹೆಚ್ಚುಕಡಿಮೆ ಇದೇ. ಯೋಜನದಲ್ಲಿ ಮುಗಿಯಲಿಲ್ಲ, ಕ್ರೋಶಕ್ಕೆ ಇಳಿದರು. ಅಲ್ಲೂ ಉಳಿಯಿತು, ಧನುಸ್ಸಿಗೆ ಇಳಿದರು. ಅಂಗುಲಕ್ಕೆ ಬಂದರೂ ‘ತುಸು ಹೆಚ್ಚು’ ಎಂದು ಬರೆಯಬೇಕಾಯಿತು. ಲೋಕದ ವಿಸ್ತಾರವನ್ನು ಅಳೆಯಹೊರಟವರಿಗೆ ಸಿಕ್ಕಿದ್ದು ಮುಗಿಯದ ಸಂಖ್ಯೆ.

ಈ ಅನುಭವ ಮಹಾವೀರನಿಗಿಂತ ಬಹು ಹಳೆಯದು. ಯಜ್ಞವೇದಿಗಳನ್ನು ಹಗ್ಗದಿಂದ ಅಳೆಯುವ ವಿಧಾನ ಹೇಳುವ ಶುಲ್ಬಸೂತ್ರಗಳಲ್ಲಿ, ಕ್ರಿಸ್ತಪೂರ್ವದ ಶತಮಾನಗಳಲ್ಲೇ, ಚೌಕದ ಕರ್ಣದ ಮೇಲೆ ಕಟ್ಟಿದ ಚೌಕ ಮೊದಲಿನದರ ಎರಡರಷ್ಟು ಎಂಬ ಮಾತಿದೆ. ಆ ಕರ್ಣದ ಉದ್ದ ಬೇಕಾದರೆ ಬಾಹುವಿಗೆ ಅದರ ಮೂರನೆಯ ಒಂದು ಭಾಗ ಸೇರಿಸಿ, ಆ ಭಾಗದ ನಾಲ್ಕನೆಯ ಒಂದನ್ನು ಮತ್ತೆ ಸೇರಿಸಿ, ಅದರ ಮೂವತ್ತನಾಲ್ಕನೆಯ ಒಂದನ್ನು ಕಳೆಯಬೇಕು ಎಂದು ಶುಲ್ಬಕಾರ ಬೌಧಾಯನ ಹೇಳುತ್ತಾನೆ. ಲೆಕ್ಕ ಹಾಕಿದರೆ ಇದು 408ರಲ್ಲಿ 577 ಭಾಗ. 577ರ ವರ್ಗ 3,32,929. 408ರ ವರ್ಗದ ಎರಡರಷ್ಟು 3,32,928. ವ್ಯತ್ಯಾಸ ಒಂದೇ ಒಂದು. ಮೂರು ಲಕ್ಷದ ಮೇಲಿನ ಸಂಖ್ಯೆಗಳಲ್ಲಿ ಒಂದು ಮಾತ್ರ ಉಳಿಯುವಷ್ಟು ಸಮೀಪ ಬಂದ ಅಳತೆ ಅದು, ಆದರೂ ಆ ಒಂದು ಉಳಿದೇ ಉಳಿಯಿತು. ಎಷ್ಟೇ ಸೂಕ್ಷ್ಮ ಭಿನ್ನರಾಶಿ ತಂದರೂ ಅದು ಉಳಿಯಲೇಬೇಕು ಎಂಬುದು ಇಂದು ನಮಗೆ ಗೊತ್ತು. ಶುಲ್ಬಕಾರರು ಅದನ್ನು ಸಾಧಿಸಿ ತೋರಿಸಲಿಲ್ಲ. ಆದರೆ ಚೌಕದ ಬಾಹುವಿಗೂ ಕರ್ಣಕ್ಕೂ ಸುಲಭವಾದ ಹೊಂದಿಕೆ ಇಲ್ಲ ಎಂಬುದು ಹಗ್ಗ ಹಿಡಿದ ಕೈಗಳಿಗೆ ಗೊತ್ತಾಗಿತ್ತು. ಇಲ್ಲದಿದ್ದರೆ ಇಷ್ಟು ತೊಡಕಿನ ಭಿನ್ನರಾಶಿಯ ತನಕ ಅವರು ಹೋಗಬೇಕಾಗಿರಲಿಲ್ಲ.

ಈಗ ಗಟ್ಟಿಯಾದ ಆಕ್ಷೇಪಕ್ಕೆ ಬರೋಣ. ಮಹಾವೀರ ಸೂಕ್ಷ್ಮ ಎಂದು ಕರೆದ ಹತ್ತರ ವರ್ಗಮೂಲ ಸೂಕ್ಷ್ಮವೇ ಅಲ್ಲ. ವ್ಯಾಸ 18ರ ವೃತ್ತದ ನಿಜವಾದ ಪರಿಧಿ ಸುಮಾರು 56.55, ಹತ್ತರ ವರ್ಗಮೂಲದಿಂದ ಬರುವುದು 56.92. ಅವನಿಗಿಂತ ಮೂರೂವರೆ ಶತಮಾನ ಮೊದಲೇ ಆರ್ಯಭಟ 20,000 ವ್ಯಾಸಕ್ಕೆ 62,832 ಪರಿಧಿ ಎಂದು ಇನ್ನೂ ಉತ್ತಮ ಬೆಲೆ ಕೊಟ್ಟಿದ್ದ. ಹೀಗಿರುವಾಗ ಮಹಾವೀರನ ವ್ಯಾವಹಾರಿಕ, ಸೂಕ್ಷ್ಮ ಎಂಬ ಎರಡು ಕ್ರಮಗಳನ್ನು ಸಂಖ್ಯೆಗಳ ವಿಂಗಡಣೆ ಎಂದು ಓದುವುದು ಅತಿಯಾಗುವುದಿಲ್ಲವೇ? ಬೆಲೆ ತಪ್ಪು ಎಂಬುದನ್ನು ಒಪ್ಪಲೇಬೇಕು. ಆದರೆ ಬೆಲೆ ತಪ್ಪಾಗುವುದು ಬೇರೆ, ಪ್ರಶ್ನೆ ತಪ್ಪಾಗುವುದು ಬೇರೆ. ಪೂರ್ಣ ಸಂಖ್ಯೆಯಿಂದಾಗಲಿ ಸಣ್ಣ ಭಿನ್ನರಾಶಿಯಿಂದಾಗಲಿ ವೃತ್ತವನ್ನು ನಿಖರವಾಗಿ ಅಳೆಯಲಾಗದು, ಅದಕ್ಕೆ ಬೇರೆ ಜಾತಿಯ ಸಂಖ್ಯೆ ಬೇಕು ಎಂಬ ತಿಳಿವಳಿಕೆ ಸರಿಯಾದದ್ದೇ. ಆ ಬೇರೆ ಜಾತಿ ವರ್ಗಮೂಲಗಳದ್ದೇ ಇರಬೇಕು ಎಂದುಕೊಂಡದ್ದು ತಪ್ಪು. ಆರ್ಯಭಟನೂ ತನ್ನ ಬೆಲೆಯನ್ನು ಸಮೀಪದ್ದು ಎಂದೇ ಕರೆದಿದ್ದ. ಯಾಕೆ ಸಮೀಪದ್ದನ್ನು ಕೊಟ್ಟ, ನಿಜವಾದದ್ದನ್ನೇ ಕೊಡಬಾರದಿತ್ತೇ ಎಂಬ ಪ್ರಶ್ನೆಗೆ 1500ರ ಆಸುಪಾಸಿನಲ್ಲಿ ಕೇರಳದ ನೀಲಕಂಠ ಸೋಮಯಾಜಿ ಆರ್ಯಭಟೀಯದ ಭಾಷ್ಯದಲ್ಲಿ ಉತ್ತರ ಹೇಳಿದ್ದಾನೆ: ವ್ಯಾಸವನ್ನು ಶೇಷವಿಲ್ಲದೆ ಅಳೆಯುವ ಮಾನದಿಂದ ಪರಿಧಿಯನ್ನು ಅಳೆದರೆ ಶೇಷ ಉಳಿಯುತ್ತದೆ, ಪರಿಧಿಯನ್ನು ಶೇಷವಿಲ್ಲದೆ ಅಳೆಯುವ ಮಾನದಿಂದ ವ್ಯಾಸವನ್ನು ಅಳೆದರೂ ಹಾಗೆಯೇ, ಮಾನವನ್ನು ಸಣ್ಣದು ಮಾಡುತ್ತ ಹೋದರೆ ಶೇಷ ಕಡಿಮೆಯಾದೀತೇ ಹೊರತು ಇಲ್ಲವಾಗದು. ಪೈ ಅಭಾಗಲಬ್ಧ ಎಂಬುದನ್ನು ಅಳತೆಯ ಮಾತಿನಲ್ಲಿ ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ. ಅದಕ್ಕೆ ಪೂರ್ಣ ಸಾಧನೆ ಸಿಕ್ಕಿದ್ದು ಯುರೋಪಿನ ಲ್ಯಾಂಬರ್ಟನಿಂದ, 1760ರ ದಶಕದಲ್ಲಿ. ವರ್ಗಮೂಲಗಳಿಂದ ಕಟ್ಟಬಹುದಾದ ಯಾವ ಸಂಖ್ಯೆಗೂ ಪೈ ಸಮವಾಗಲಾರದು ಎಂಬುದು 1882ರಲ್ಲಿ ಲಿಂಡೆಮನ್ನನ ಸಾಧನೆಯಿಂದ ಖಚಿತವಾಯಿತು. ಸೂಕ್ಷ್ಮದ ಹುಡುಕಾಟ ಮುಂದುವರಿದಿದ್ದರಿಂದಲೇ ಹತ್ತರ ವರ್ಗಮೂಲದ ತಪ್ಪು ಬಯಲಾಯಿತು.

ವಿಂಗಡಣೆಯ ಅರಿವು ಕೇವಲ ತೊಂದರೆಯಾಗಿ ಬಂದಿತ್ತೇ, ಇಲ್ಲವೇ ಅದನ್ನು ತಿಳಿದೇ ಬಳಸುತ್ತಿದ್ದರೇ ಎಂಬ ಪ್ರಶ್ನೆಗೆ ಕ್ಷೇತ್ರಗಣಿತದ ಅಧ್ಯಾಯದಲ್ಲೇ ಬರುವ ಜನ್ಯವ್ಯವಹಾರ ಉತ್ತರ ಕೊಡುತ್ತದೆ. ಎರಡು ಸಂಖ್ಯೆಗಳನ್ನು ಬೀಜಗಳೆಂದು ತೆಗೆದುಕೊಂಡು ಅವುಗಳಿಂದ ಲಂಬಕೋನದ ಆಕೃತಿಯನ್ನು ಹುಟ್ಟಿಸುವ ವಿಧಾನ ಅದು. ಬೀಜಗಳ ವರ್ಗಗಳ ವ್ಯತ್ಯಾಸ ಒಂದು ಬಾಹು, ಅವುಗಳ ಗುಣಲಬ್ಧದ ಎರಡರಷ್ಟು ಇನ್ನೊಂದು, ವರ್ಗಗಳ ಮೊತ್ತ ವಿಕರ್ಣ. ಬೀಜಗಳು 2 ಮತ್ತು 1 ಆದರೆ 3, 4, 5 ಬರುತ್ತದೆ. 3 ಮತ್ತು 2 ಆದರೆ 5, 12, 13. ಪೈಥಾಗೊರಸ್ ಪ್ರಮೇಯ ಕಲಿಸುವ ಶಿಕ್ಷಕರು ಇಂದಿಗೂ ಕಪ್ಪುಹಲಗೆಯ ಮೇಲೆ ಬರೆಯುವ ತ್ರಿಭುಜಗಳಿವು. ಈ ಬೀಜಗಳಿಂದಲೇ ಮಹಾವೀರ ಸಮದ್ವಿಬಾಹು ತ್ರಿಭುಜ, ಸಮದ್ವಿಬಾಹು ತ್ರಾಪಿಜ್ಯ, ಬಾಹುಗಳೆಲ್ಲ ಬೇರೆಬೇರೆಯಾದ ಚತುರ್ಭುಜ ಹೀಗೆ ಒಂದೊಂದಾಗಿ ಕಟ್ಟುತ್ತ ಹೋಗುತ್ತಾನೆ. ಎಲ್ಲದರ ಬಾಹು, ಕರ್ಣ, ಕ್ಷೇತ್ರಫಲ ವರ್ಗಮೂಲವಿಲ್ಲದೆ ಬರುವಂತೆ ನೋಡಿಕೊಳ್ಳುತ್ತಾನೆ. ಯಾವ ತ್ರಿಭುಜ ತೆಗೆದುಕೊಂಡರೂ ಉತ್ತರ ಪೂರ್ಣ ಸಂಖ್ಯೆಯಲ್ಲೇ ಬರುವುದಾಗಿದ್ದರೆ ಇಷ್ಟೆಲ್ಲ ಸಾಹಸ ಬೇಕಾಗಿರಲಿಲ್ಲ. ಹೆಚ್ಚಿನ ಆಕೃತಿಗಳು ಮುಗಿಯದ ಸಂಖ್ಯೆಗಳಲ್ಲಿ ಸಿಕ್ಕಿಕೊಳ್ಳುತ್ತವೆ, ಸಿಕ್ಕಿಕೊಳ್ಳದ ಕೆಲವನ್ನು ಉಪಾಯದಿಂದ ಹುಟ್ಟಿಸಬೇಕು ಎಂದು ತಿಳಿದವನು ಮಾತ್ರ ಇಂಥ ಅಧ್ಯಾಯ ಬರೆಯಬಲ್ಲ. ಭಾಗಲಬ್ಧ, ಅಭಾಗಲಬ್ಧ ಎಂಬ ಹೆಸರು ಅಲ್ಲಿ ಇಲ್ಲದಿರಬಹುದು; ಅವುಗಳ ನಡುವಿನ ಗೆರೆ ಅಲ್ಲಿದೆ.

ಆ ಗೆರೆಯ ಈಚೆ ನಿಲ್ಲುವ ಆಕೃತಿಗೆ ಒಂದು ಸೊಗಸಾದ ನಿದರ್ಶನವನ್ನೂ ಮಹಾವೀರ ಕೊಟ್ಟಿದ್ದಾನೆ. ಒಂದು ವಿಷಮ ಚತುರ್ಭುಜದ ಪಕ್ಕದ ಬಾಹುಗಳು ಹದಿಮೂರು ಹದಿನೈದಲಿ, ಹದಿಮೂರು ಇಪ್ಪತ್ತಲಿ, ಮೇಲಿನದು ಐದರ ಘನ, ಅಡಿ ಮುನ್ನೂರು. ಅಂದರೆ 195, 260, 125, 300. ಸೂಕ್ಷ್ಮ ಸೂತ್ರದಂತೆ ಬಾಹುಗಳ ಮೊತ್ತದ ಅರ್ಧ 440. ಅದರಿಂದ ನಾಲ್ಕು ಬಾಹುಗಳನ್ನೂ ಬೇರೆಬೇರೆ ಕಳೆದರೆ 245, 180, 315, 140. ಇವುಗಳಲ್ಲಿ 245ನ್ನು 180ರಿಂದ ಗುಣಿಸಿದರೆ 44,100. 315ನ್ನು 140ರಿಂದ ಗುಣಿಸಿದರೂ 44,100. ಹಾಗಾಗಿ ವರ್ಗಮೂಲ ತೆಗೆಯುವ ಶ್ರಮವೇ ಇಲ್ಲದೆ ಕ್ಷೇತ್ರಫಲ 44,100 ಎಂದು ಬರುತ್ತದೆ. ಕರ್ಣಗಳೂ 280 ಮತ್ತು 315 ಎಂದು ಪೂರ್ಣ ಸಂಖ್ಯೆಗಳಲ್ಲೇ ಸಿಗುತ್ತವೆ. ಈ ಚತುರ್ಭುಜವನ್ನು ಬಿಚ್ಚಿ ನೋಡಿದರೆ ಅದರೊಳಗೆ ಕೂತಿರುವುದು ಆಗಲೇ ಕಂಡ 3, 4, 5 ಮತ್ತು 5, 12, 13ರ ತ್ರಿಭುಜಗಳೇ. ಮೊದಲನೆಯದರ 3 ಮತ್ತು 4ನ್ನು 65ರಿಂದ ಗುಣಿಸಿದರೆ 195, 260. ಎರಡನೆಯದರ 5 ಮತ್ತು 12ನ್ನು 25ರಿಂದ ಗುಣಿಸಿದರೆ 125, 300. ಎರಡರ ವಿಕರ್ಣವೂ 325 ಆಗುತ್ತದೆ. ಈ ಚತುರ್ಭುಜವನ್ನು ಸುತ್ತುವರಿಯುವ ವೃತ್ತದ ವ್ಯಾಸ ಅದೇ 325. ನಾಲ್ಕು ಬಾಹುಗಳು ಗೊತ್ತಾದ ಮಾತ್ರಕ್ಕೆ ಚತುರ್ಭುಜ ನಿಶ್ಚಯವಾಗುವುದಿಲ್ಲ, ಅದನ್ನು ಒತ್ತಿ ಓರೆ ಮಾಡಬಹುದು ಎಂಬ ಕೊರತೆಯನ್ನು 1150ರ ‘ಲೀಲಾವತಿ’ಯಲ್ಲಿ ಭಾಸ್ಕರ ಕಟುವಾಗಿಯೇ ಎತ್ತಿ ತೋರಿಸಿದ್ದಾನೆ. ಅವನ ಮಾತು ಸರಿ: ಆ ಸೂತ್ರ ಸಲ್ಲುವುದು ಚಕ್ರೀಯ ಚತುರ್ಭುಜಕ್ಕೆ ಮಾತ್ರ, ಹಳೆಯ ಗ್ರಂಥಗಳು ಈ ನಿಬಂಧನೆಯನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮಹಾವೀರ ಆರಿಸಿದ ನಿದರ್ಶನ ಆ ನಿಬಂಧನೆಗೆ ಒಳಪಟ್ಟದ್ದೇ.

ಮೂಲದ ಚಿಹ್ನೆಯ ಕೆಳಗೆ ಋಣ ಸಂಖ್ಯೆ ಬಂದರೆ ಏನು ಮಾಡಬೇಕು ಎಂಬ ಪ್ರಶ್ನೆಯಲ್ಲಿ ಆಕೃತಿ ಮತ್ತು ಸಂಖ್ಯೆಗಳ ನಂಟು ಇನ್ನೂ ಬಿಗಿಯಾಗಿ ಕಾಣುತ್ತದೆ. ಧನದ ವರ್ಗವೂ ಧನ, ಋಣದ ವರ್ಗವೂ ಧನ. ಋಣ ಸಂಖ್ಯೆ ಸ್ವಭಾವತಃ ಯಾವುದರ ವರ್ಗವೂ ಅಲ್ಲದ ಕಾರಣ ಅದಕ್ಕೆ ವರ್ಗಮೂಲವಿಲ್ಲ ಎಂದು ಮಹಾವೀರ ತನ್ನ ಮೊದಲ ಅಧ್ಯಾಯದಲ್ಲೇ ಹೇಳುತ್ತಾನೆ. ವರ್ಗಸಮೀಕರಣಕ್ಕೆ ವಾಸ್ತವ ಮೂಲಗಳಿಲ್ಲ ಎಂದು ಹತ್ತನೆಯ ತರಗತಿಯಲ್ಲಿ ಬರೆಯುವ ವಾಕ್ಯದ ಹಿಂದಿರುವುದು ಇದೇ ಕಾರಣ. ಇದನ್ನು ಕ್ಷೇತ್ರಕ್ಕೆ ತಂದು ನೋಡೋಣ. 2, 6, 3, 12 ಬಾಹುಗಳ ಚತುರ್ಭುಜ ಆಕೃತಿಯೇ ಅಲ್ಲ ಎಂದು ಭಾಸ್ಕರ ‘ಲೀಲಾವತಿ’ಯಲ್ಲಿ ಹೇಳುತ್ತಾನೆ, ನಂಬದವರು ಅಷ್ಟುದ್ದದ ಕಡ್ಡಿಗಳನ್ನು ಜೋಡಿಸಿ ನೋಡಲಿ ಎನ್ನುತ್ತಾನೆ. ಚಿಕ್ಕ ಮೂರು ಕಡ್ಡಿ ಸೇರಿದರೂ 11; 12ರ ಕಡ್ಡಿಯ ಎರಡು ತುದಿಗಳನ್ನು ಅವು ಮುಟ್ಟಲಾರವು. ಸೂತ್ರಕ್ಕೆ ಇದೇ ಸಂಖ್ಯೆಗಳನ್ನು ಹಾಕಿದರೆ ಅರ್ಧ ಮೊತ್ತ 11½, ಅದರಿಂದ 12 ಕಳೆದರೆ ಋಣ ಅರ್ಧ, ಗುಣಲಬ್ಧ ಋಣವಾಗುತ್ತದೆ. ಮೂಲವಿಲ್ಲದ ಸಂಖ್ಯೆ ಬಂದಿತೆಂದರೆ ಹಾಗೊಂದು ಕ್ಷೇತ್ರವೇ ಇಲ್ಲ ಎಂದರ್ಥ. ಕಡ್ಡಿ ಹೇಳಿದ್ದನ್ನೇ ಸಂಖ್ಯೆಯೂ ಹೇಳಿತು. ಇದೇ ಮಹಾವೀರ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೆಯೇ ಉಳಿಯುತ್ತದೆ ಎಂದು ಬರೆದು ಎಡವಿದ್ದಾನೆ. ಋಣದ ಮೂಲವನ್ನು ಕುರಿತು ಅಷ್ಟು ಖಚಿತವಾಗಿ ಯೋಚಿಸಿದವನೇ ಸೊನ್ನೆಯ ವಿಷಯದಲ್ಲಿ ತಪ್ಪಿದ ಎಂಬುದು ಗಮನಾರ್ಹ. ಸೊನ್ನೆಯಿಂದ ಭಾಗಿಸುವ ಪ್ರಸಂಗವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಆಕೃತಿ ಅವನ ಕೈಯಲ್ಲಿರಲಿಲ್ಲ. ಅಳತೆಯ ಆಸರೆ ಇದ್ದಲ್ಲಿ ವಿಂಗಡಣೆ ಗಟ್ಟಿಯಾಯಿತು, ಇಲ್ಲದಲ್ಲಿ ಜಾರಿತು.

ಇದೆಲ್ಲದರಲ್ಲಿ ಸಾಧನೆ ಎಲ್ಲಿದೆ, ಸಾಧನೆಯಿಲ್ಲದ ವಿಂಗಡಣೆ ಬರಿಯ ಅನುಭವವಲ್ಲವೇ ಎಂದು ಕೇಳುವವರಿಗೆ ಪ್ರಾಮಾಣಿಕವಾಗಿ ಉತ್ತರಿಸಬೇಕು. √2 ಭಾಗಲಬ್ಧವಲ್ಲ ಎಂಬುದಕ್ಕೆ ನಮ್ಮ ಮಕ್ಕಳು ಬರೆಯುವ ಸಾಧನೆ, ಸಮ ಬೆಸಗಳ ವಿರೋಧಾಭಾಸದಿಂದ ಸಾಗುವ ಆ ತರ್ಕ, ಗ್ರೀಕರದು. ಆ ಕೀರ್ತಿ ಅವರಿಗೇ ಸಲ್ಲಬೇಕು. ಆದರೆ ಗ್ರೀಕರ ಸಾಕ್ಷಿಯೂ ನನ್ನ ವಾದವನ್ನೇ ಬಲಪಡಿಸುತ್ತದೆ. ಪ್ಲೇಟೊನ ‘ಥಿಯೆಟೆಟಸ್’ ಸಂವಾದದಲ್ಲಿ ಥಿಯೊಡೊರಸ್ ಎಂಬ ಗಣಿತಜ್ಞ 3 ಚದರ ಅಡಿ, 5 ಚದರ ಅಡಿ ಹೀಗೆ 17ರವರೆಗಿನ ಚೌಕಗಳ ಬಾಹುಗಳನ್ನು ಒಂದೊಂದಾಗಿ ತೆಗೆದುಕೊಂಡು, ಒಂದು ಅಡಿಯ ಮಾನದಿಂದ ಅವನ್ನು ಅಳೆಯಲಾಗದು ಎಂದು ತೋರಿಸುತ್ತಾನೆ. ಯೂಕ್ಲಿಡನ ‘ಎಲಿಮೆಂಟ್ಸ್’ನ ಹದಿಮೂರು ಭಾಗಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ ಹತ್ತನೆಯದು ಅಭಾಗಲಬ್ಧಗಳ ವರ್ಗೀಕರಣವೇ, ಅಲ್ಲಿ ವಿಂಗಡಣೆಯಾಗುವುದು ಸಂಖ್ಯೆಗಳಲ್ಲ, ರೇಖೆಗಳು. ಗ್ರೀಕರು ಸಾಧಿಸಿದರು, ಆದರೆ ಆ ರೇಖೆಗಳನ್ನು ಸಂಖ್ಯೆಗಳೆಂದು ಕರೆಯಲು ಹಿಂಜರಿದರು. ಭಾರತದ ಗಣಿತಜ್ಞರು ಸಾಧಿಸಲಿಲ್ಲ, ಆದರೆ ವರ್ಗಮೂಲಗಳನ್ನು ಉಳಿದ ಸಂಖ್ಯೆಗಳಂತೆಯೇ ಕೂಡಿಸಿದರು, ಕಳೆದರು, ಗುಣಿಸಿದರು. ಬ್ರಹ್ಮಗುಪ್ತನಿಂದ ಭಾಸ್ಕರನವರೆಗೆ ಕರಣಿಗಳ, ಅಂದರೆ ಇಂಥ ವರ್ಗಮೂಲಗಳ, ಲೆಕ್ಕಕ್ಕೆ ನಿಯಮಗಳಿವೆ. ಪ್ರೌಢಶಾಲೆಯ ವಾಸ್ತವ ಸಂಖ್ಯೆಗಳ ಅಧ್ಯಾಯಕ್ಕೆ ಈ ಎರಡೂ ಬೇಕು. ಆ ಎರಡನ್ನು ಒಂದುಗೂಡಿಸುವ ಕೆಲಸ ಯುರೋಪಿನಲ್ಲಿ ನಡೆಯಿತು: ವರ್ಗಮೂಲವೂ ಉಳಿದವುಗಳಂತೆ ಸಂಖ್ಯೆಯೇ ಎಂದು 1585ರಲ್ಲಿ ಸ್ಟೆವಿನ್ ವಾದಿಸಿದ; 1872ರಲ್ಲಿ ಡೆಡೆಕಿಂಡ್ ಸರಳರೇಖೆಯನ್ನು ಎರಡಾಗಿ ಕತ್ತರಿಸುವ ಕಲ್ಪನೆಯಿಂದ ಹೊರಟು ವಾಸ್ತವ ಸಂಖ್ಯೆಗಳಿಗೆ ಭದ್ರ ತಳಪಾಯ ಹಾಕಿದ. ರೇಖಾಗಣಿತದ ಊರುಗೋಲಿಲ್ಲದೆ ಸಂಖ್ಯೆಗಳನ್ನು ನಿಲ್ಲಿಸಬೇಕೆಂದು ಹೊರಟ ಡೆಡೆಕಿಂಡನಿಗೂ ದಾರಿ ತೋರಿಸಿದ್ದು ಒಂದು ಗೆರೆ.

ಇನ್ನೊಂದು ಆಕ್ಷೇಪ ವ್ಯವಹಾರದವರದು. ಹೊಲ ಅಳೆಯುವವನಿಗೆ, ಕೆರೆ ತೋಡಿಸುವವನಿಗೆ 768ರ ವರ್ಗಮೂಲ ಯಾಕೆ ಬೇಕು? ಕನ್ನಡ ಶಾಸನಗಳಲ್ಲಿ ದತ್ತಿ ಬಿಟ್ಟ ಭೂಮಿಯನ್ನು ಮತ್ತರು, ಕಮ್ಮಗಳಲ್ಲಿ ಹೇಳುವುದು, ಯಾವ ಗಳೆಯಿಂದ ಅಳೆದದ್ದು ಎಂದು ನಮೂದಿಸುವುದು ಸಾಮಾನ್ಯ. ಅಳೆಯುವ ಕೋಲು ಬದಲಾದರೆ ಭೂಮಿಯ ಲೆಕ್ಕವೂ ಬದಲಾಗುತ್ತದೆ ಎಂಬ ಎಚ್ಚರ ಅದು. ಸೂತ್ರ ಬದಲಾದರೂ ಹಾಗೆಯೇ. ಎಂಟು ದಂಡದ ತ್ರಿಭುಜಕ್ಕೆ ವ್ಯಾವಹಾರಿಕ ಸೂತ್ರ ಕೊಟ್ಟ 32, ನಿಜವಾದ 27.7ಕ್ಕಿಂತ ಸುಮಾರು ಆರನೆಯ ಒಂದು ಭಾಗದಷ್ಟು ಹೆಚ್ಚು. ಅಂಥ ಹೊಲ ಕೊಂಡವನು ಇಲ್ಲದ ನೆಲಕ್ಕೆ ಬೆಲೆ ತೆರುತ್ತಾನೆ, ತೆರಿಗೆಯನ್ನೂ ಕಟ್ಟುತ್ತಾನೆ. ಚಚ್ಚೌಕಕ್ಕೆ ಸರಿಹೋಗುವ ಸೂತ್ರ ಓರೆಯಾದಷ್ಟೂ ತಪ್ಪುತ್ತದೆ. ಎಲ್ಲಿಯವರೆಗೆ ಅದನ್ನು ನಂಬಬಹುದು ಎಂದು ತಿಳಿಯಬೇಕಾದರೆ ಸೂಕ್ಷ್ಮದ ಅರಿವು ಬೇಕೇ ಬೇಕು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ದ ಜೊತೆಗೆ ‘ಕ್ಷೇತ್ರಗಣಿತ’ವನ್ನೂ ಕನ್ನಡದಲ್ಲೇ ರಚಿಸಿದ. ಅಂಗಡಿಯ ಲೆಕ್ಕಕ್ಕೆ ಬೇಕಾದ ಗಣಿತ ಒಂದರಲ್ಲೇ ಮುಗಿಯುವಂತಿದ್ದರೆ ಇನ್ನೊಂದರ ಅಗತ್ಯವಿರಲಿಲ್ಲ. ಸಂಸ್ಕೃತ ಬಲ್ಲವರ ಕೈಯಲ್ಲಿದ್ದ ಈ ವಿದ್ಯೆ ಕನ್ನಡ ಮಾತ್ರ ಬಲ್ಲವರಿಗೂ ದಕ್ಕಬೇಕು ಎಂಬ ಕಾಳಜಿ ಅವನ ಒಟ್ಟು ಬರವಣಿಗೆಯಲ್ಲಿ ಕಾಣುತ್ತದೆ. ನಮ್ಮ ಭಾಷೆಯಲ್ಲಿ ಗಣಿತ ಬರೆಯುವ ಎಲ್ಲರಿಗೂ ಅವನೇ ಹಿರಿಯ.

ವಸಾಹತು ಕಾಲದ ಶಾಲೆಗಳ ಮೂಲಕ ಯೂಕ್ಲಿಡನ ರೇಖಾಗಣಿತ ಇಲ್ಲಿಗೆ ಬಂದಾಗ ನಮಗೆ ಒಂದು ದೊಡ್ಡ ಲಾಭವಾಯಿತು: ಪ್ರತಿ ಹೆಜ್ಜೆಗೂ ಕಾರಣ ಕೊಡಬೇಕೆಂಬ ಶಿಸ್ತು ಬಂತು. ಜೊತೆಗೆ ಒಂದು ನಷ್ಟವೂ ಆಯಿತು. ಪ್ರಮೇಯಗಳನ್ನು ಸಾಧಿಸುವುದು ಒಂದು ವಿಷಯ, ಲೆಕ್ಕ ಮಾಡುವುದು ಇನ್ನೊಂದು ವಿಷಯ ಎಂಬ ಭೇದ ಗಟ್ಟಿಯಾಗಿ, ಸಂಖ್ಯೆಗಳ ವಿಂಗಡಣೆ ಎರಡಕ್ಕೂ ಸೇರದ ಅಧ್ಯಾಯವಾಗಿ ಉಳಿಯಿತು. ಇದರ ಫಲ ಇಂದಿನ ಉತ್ತರಪತ್ರಿಕೆಗಳಲ್ಲಿದೆ. ಪೈ ಅಭಾಗಲಬ್ಧ ಸಂಖ್ಯೆ ಎಂದು ಒಂದು ಪುಟದಲ್ಲಿ ಬರೆದ ವಿದ್ಯಾರ್ಥಿ, ಮುಂದಿನ ಪುಟದಲ್ಲಿ ಪೈ ಸಮ 22/7 ಎಂದು ಬರೆದು ವೃತ್ತದ ಕ್ಷೇತ್ರಫಲ ಕಂಡುಹಿಡಿಯುತ್ತಾನೆ. 22/7 ಭಾಗಲಬ್ಧವಲ್ಲವೇ, ಹಾಗಾದರೆ ಪೈ ಎರಡೂ ಹೇಗಾಯಿತು ಎಂಬ ಪ್ರಶ್ನೆ ಪ್ರತಿ ತರಗತಿಯಲ್ಲೂ ಯಾವುದಾದರೂ ಮಗುವಿಗೆ ಹೊಳೆದೇ ಹೊಳೆಯುತ್ತದೆ. ಆ ಪ್ರಶ್ನೆಗೆ ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಮಳಖೇಡದ ದೊರೆಯನ್ನು ಸ್ತುತಿಸಿ ಬರೆದ ಗ್ರಂಥದಲ್ಲಿ ಉತ್ತರವಿದೆ: ಒಂದು ವ್ಯಾವಹಾರಿಕ, ಇನ್ನೊಂದು ಸೂಕ್ಷ್ಮ, ಎರಡನ್ನೂ ಬಳಸು, ಆದರೆ ಯಾವುದನ್ನು ಬಳಸುತ್ತಿದ್ದೀಯೆಂದು ಮರೆಯಬೇಡ. ಸಮ ಚಿಹ್ನೆಯ ಜಾಗದಲ್ಲಿ ‘ಸುಮಾರು’ ಎಂದು ಬರೆಸುವಷ್ಟು ಸಣ್ಣ ತಿದ್ದುಪಡಿಯಿಂದ ಆ ವಿವೇಕವನ್ನು ತರಗತಿಗೆ ಮರಳಿ ತರಬಹುದು.

ಪಠ್ಯಕ್ರಮವನ್ನು ಬುಡಮೇಲು ಮಾಡುವ ಅಗತ್ಯವೂ ಇಲ್ಲ. ಎನ್‌ಸಿಇಆರ್‌ಟಿ ಮಾದರಿಯ ಒಂಬತ್ತನೆಯ ತರಗತಿಯ ಪುಸ್ತಕದಲ್ಲಿ √2, √3ಗಳನ್ನು ಲಂಬಕೋನ ತ್ರಿಭುಜಗಳ ಸಹಾಯದಿಂದ ಸಂಖ್ಯಾರೇಖೆಯ ಮೇಲೆ ಗುರುತಿಸುವ ಪಾಠವೂ, ತ್ರಿಭುಜದ ಮೇಲೆ ತ್ರಿಭುಜ ಕಟ್ಟುತ್ತ ಹೋಗುವ ವರ್ಗಮೂಲಗಳ ಸುರುಳಿಯೂ ಬಂದಿವೆ. ಎರಡು ಅಧ್ಯಾಯಗಳನ್ನು ಜೋಡಿಸುವ ಸೇತುವೆ ಅದು. ಪರೀಕ್ಷೆಯಲ್ಲಿ ಅಂಕ ತರುವುದು ಕಡಿಮೆ ಎಂದು ಅದನ್ನು ಚಟುವಟಿಕೆಯೆಂದು ಬದಿಗಿಟ್ಟು ಮುಂದೆ ಹೋಗಬಾರದು. √7 ಅಭಾಗಲಬ್ಧ ಎಂದು ಗುರುತು ಹಾಕುವ ಮಗುವಿಗೆ ಆ √7 ಯಾವ ಗೆರೆಯ ಉದ್ದ ಎಂಬುದನ್ನೂ ಎಳೆದು ತೋರಿಸಲು ಕೇಳಬೇಕು. ಬಾಹು 3, ವಿಕರ್ಣ 4 ಇರುವ ಲಂಬಕೋನ ತ್ರಿಭುಜದ ಮೂರನೆಯ ಬಾಹು ಎಂದು ಅದು ಎಳೆದು ತೋರಿಸಿದರೆ, ವಿಂಗಡಣೆ ಅದಕ್ಕೆ ಅರ್ಥವಾಯಿತೆಂದು ತಿಳಿಯಬಹುದು. ಸಮಬಾಹು ತ್ರಿಭುಜದ ಎತ್ತರ ಕಂಡುಹಿಡಿದ ಮಗುವಿಗೆ ಆ ಎತ್ತರ ಯಾವ ಬಗೆಯ ಸಂಖ್ಯೆ, ದಶಮಾಂಶದಲ್ಲಿ ಬರೆದ ಉತ್ತರ ನಿಜವಾದದ್ದೇ ಅಥವಾ ಸಮೀಪದ್ದೇ ಎಂದು ಕೇಳಬೇಕು. ಶುಲ್ಬಕಾರರು, ಮಹಾವೀರ, ಭಾಸ್ಕರ, ನೀಲಕಂಠರು ತಮಗೆ ತಾವೇ ಹಾಕಿಕೊಂಡ ಪ್ರಶ್ನೆಗಳು ಇವೇ. ಹೆಸರುಗಳನ್ನು ಬಾಯಿಪಾಠ ಮಾಡಿದವನು ಪರೀಕ್ಷೆಯ ಮರುದಿನ ಮರೆಯುತ್ತಾನೆ. ತನ್ನ ಉತ್ತರ ಎಷ್ಟರಮಟ್ಟಿಗೆ ಸತ್ಯ ಎಂದು ವಿಚಾರಿಸಲು ಕಲಿತವನು ಗಣಿತದ ಆಚೆಗೂ ಆ ವಿಚಾರಣೆಯನ್ನು ಬಿಡುವುದಿಲ್ಲ. ಸಂಖ್ಯೆಗಳ ವಿಂಗಡಣೆಯನ್ನು ಪ್ರತಿ ಮಗುವಿಗೂ ಕಲಿಸಬೇಕಾದ್ದು ಅದಕ್ಕಾಗಿ.